ನೀರಿನ ಲೆಕ್ಕ ಮೊದಲು, ಚೀಲ ಆಮೇಲೆ: ದಿನದ ತಿರುಗಾಟಕ್ಕೆ ಸೊಂಟದ ಚೀಲವೋ, ಬೆನ್ನಿನ ಚೀಲವೋ?

ಪ್ರಶ್ನೆ: ನಮಸ್ಕಾರ್ರಿ ಸರ್. ನಾ ಧಾರವಾಡದಾಗ ಹೈಸ್ಕೂಲ್ ಮಾಸ್ತರ. ವಯಸ್ಸು 48, ತೂಕ 74 ಕೆಜಿ, ಸ್ವಲ್ಪ ಹೊಟ್ಟಿ ಐತಿ. ನಾಲ್ಕು ಮಂದಿ ಗೆಳೆಯರು ಕೂಡಿ ತಿಂಗಳಿಗೆ ಎರಡು ರವಿವಾರ ಹಕ್ಕಿ ನೋಡಾಕ, ಫೋಟೊ ತಗಿಯಾಕ ಹೊಕ್ಕೇವಿ. ಚಳಿಗಾಲದಾಗ ಗದಗ ಜಿಲ್ಲಾದ ಮಾಗಡಿ ಕೆರಿ, ಉಳಿದಂಗ ಅದೇ ಜಿಲ್ಲಾದ ಕಪ್ಪತಗುಡ್ಡ, ರಾಣೆಬೆನ್ನೂರು ಕಡೆ. ಮುಂಜಾನೆ ಆರಕ್ಕ ಶುರು ಮಾಡಿದ್ರ ಸಂಜಿ ನಾಲ್ಕರ ತನಕ ನಡಿಗಿ. ಮಗನ ಹಳೇ ಕಾಲೇಜ್ ಬ್ಯಾಗ್ ಹಾಕ್ಕೊಂಡು ಹೋದ್ರ ಮಧ್ಯಾಹ್ನದೊಳಗ ಹೆಗಲು ಕಿತ್ತು ಬರ್ತಾವ, ಬೆನ್ನು ಬೆವರಿಗೆ ತೊಯ್ದು ತಪ್ಪಡಿ ಆಕ್ಕೈತಿ. ಯೂಟ್ಯೂಬಿನಾಗ ಅಮೆರಿಕಾದ ಬೇಟೆಗಾರರು ಬೆನ್ನಿಗೆ ಏನೂ ಹಾಕ್ಕೊಳ್ಳದ, ನಡಕ್ಕ ಒಂದು ದೊಡ್ಡ ಚೀಲ ಕಟ್ಟಿಕೊಂಡು ದಿನಗಟ್ಟಲೆ ಅಡವ್ಯಾಗ ತಿರುಗೋದು ನೋಡೀನಿ. ಅಂಥಾದ್ದು ತಗೊಳ್ತೀನಿ ಅಂದ್ರ ಒಬ್ಬ ಗೆಳೆಯ ‘ನಡಕ್ಕ ಭಾರ ಕಟ್ಟಿದ್ರ ಕಿಡ್ನಿ ಹೊಕ್ಕಾವ’ ಅಂತಾನ. ಇನ್ನೊಬ್ಬ ‘ಬೆನ್ನ ಮ್ಯಾಲೆ ಹೊತ್ರ ಗೂನ ಬರತೈತಿ, ನಡಕ್ಕ ಕಟ್ಟೋದ ಚಲೋ’ ಅಂತಾನ. ನನಗ ಆಗಾಗ ನಡಾ ನೋವು ಬ್ಯಾರೆ. ಮೂರು–ನಾಲ್ಕು ಸಾವಿರದೊಳಗ ಯಾವುದು ತಗೊಳ್ಳಲಿ?

ಉತ್ತರ: ಮಾಸ್ತರರೇ, ನಿಮ್ಮ ತೂಕ ಬರೆದಿದ್ದೀರಿ, ಹೊರೆಯ ತೂಕ ಬರೆದಿಲ್ಲ. ನಿಮ್ಮ ಚಿಂತೆ ಎರಡು: ಹೆಗಲು ಮತ್ತು ಬೆನ್ನಿಗೆ ಆರಾಮ ಬೇಕು, ಆದರೆ ಆ ಆರಾಮಕ್ಕಾಗಿ ಸೊಂಟಕ್ಕೋ ಕಿಡ್ನಿಗೋ ಹೊಸ ತೊಂದರೆ ತಂದುಕೊಳ್ಳಬಾರದು. ಎರಡಕ್ಕೂ ಉತ್ತರ ಸಿಗುವುದು ತಕ್ಕಡಿಯಲ್ಲಿ, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಕಪ್ಪತಗುಡ್ಡಕ್ಕೆ ಹೋಗುವ ಒಂದು ದಿನದ ಸಾಮಾನು ಸುಮಾರಾಗಿ ಹೀಗಿರುತ್ತದೆ. ಮೂರು ಲೀಟರ್ ನೀರು ಬಾಟಲಿ ಸಮೇತ 3.3 ಕೆಜಿ. ಕ್ಯಾಮೆರಾಕ್ಕೆ 150–600 ಮಿ.ಮೀ. ಲೆನ್ಸ್ ಹಾಕಿದರೆ 2.7 ಕೆಜಿ. 8×42 ದುರ್ಬೀನು 700 ಗ್ರಾಂ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ ಸೇರಿ ಬುತ್ತಿ 600 ಗ್ರಾಂ. ಟೊಪ್ಪಿಗೆ, ತೆಳು ರೇನ್‌ಕೋಟು 400 ಗ್ರಾಂ. ಪವರ್ ಬ್ಯಾಂಕ್, ಟಾರ್ಚ್, ಔಷಧಿ ಪೊಟ್ಟಣ ಅರ್ಧ ಕೆಜಿ. ಒಟ್ಟು 8.2 ಕೆಜಿ. ದುರ್ಬೀನು ಹೇಗೂ ಎದೆಯ ಮೇಲಿರುತ್ತದೆ, ಅದನ್ನು ಕಳೆದರೆ 7.5. ಕ್ಯಾಮೆರಾವೂ ಕೈಯಲ್ಲೇ ಇದ್ದರೆ ಚೀಲದೊಳಗೆ ಉಳಿಯುವುದು 4.8. ನಿಮ್ಮದನ್ನು ನೀವೇ ತೂಗಿ ನೋಡಿ. ಬಟ್ಟೆಯ ಕೈಚೀಲದಲ್ಲಿ ಎಲ್ಲಾ ತುಂಬಿ, ಪ್ರಯಾಣದ ಲಗೇಜು ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿದರೆ ಎರಡೇ ನಿಮಿಷದ ಕೆಲಸ.

ಹೆಗಲಪಟ್ಟಿ ಇಲ್ಲದ ಬರೀ ಸೊಂಟದ ಚೀಲ ಹೆಚ್ಚಿನವರಿಗೆ ಮೂರು, ಮೂರೂವರೆ ಕಿಲೋ ತನಕ ಚೆನ್ನಾಗಿ ನಡೆಯುತ್ತದೆ. ಅದು ದಾಟಿದರೆ ಕೆಡುತ್ತದೆ. ಚೀಲದಲ್ಲಿ ಇನ್ನೂ ಜಾಗ ಇದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕೆಡುವುದು ಯಾಕೆಂದರೆ, ಸೊಂಟದ ಚೀಲವನ್ನು ಹಿಡಿದಿಡುವುದು ಎರಡೇ: ಸೊಂಟದ ಮೂಳೆಯ ಮೇಲಿನ ಅಂಚು ಮತ್ತು ಬೆಲ್ಟಿನ ಬಿಗಿತ. ಭಾರವೆಲ್ಲ ಬೆನ್ನಿನಿಂದ ಹಿಂದಕ್ಕೆ ತೂಗುತ್ತಿರುತ್ತದೆ. ಹೀಗಾಗಿ ಚೀಲದ ಮೇಲ್ಬದಿ ಬೆನ್ನು ಬಿಟ್ಟು ಹಿಂದಕ್ಕೆ ವಾಲುತ್ತದೆ, ಕೆಳಬದಿ ಪೃಷ್ಠದ ಮೇಲೆ ಕೂತು ಹೆಜ್ಜೆ ಹೆಜ್ಜೆಗೂ ಬಡಿಯುತ್ತದೆ. ವಾಲಬಾರದೆಂದು ಬೆಲ್ಟ್ ಬಿಗಿಯುತ್ತೀರಿ, ಸ್ವಲ್ಪ ಹೊತ್ತಿಗೆ ಅದು ಜಾರುತ್ತದೆ, ಮತ್ತೆ ಬಿಗಿಯುತ್ತೀರಿ. ಹೊಟ್ಟೆ ಇರುವವರಿಗೆ ಇದು ಬೇಗ ಆಗುತ್ತದೆ. ಮುಂದಿನ ಬಕಲ್ ಹೊಟ್ಟೆಯ ಕೆಳಗೆ ಇಳಿದು ಬೆಲ್ಟ್ ಓರೆಯಾಗುತ್ತದೆ. ಹಿಂದಕ್ಕೆ ಎಳೆಯುವ ಭಾರವನ್ನು ಸರಿದೂಗಿಸಲು ನಡುವನ್ನು ಒಳಕ್ಕೆ ಬಾಗಿಸಿ, ಹೊಟ್ಟೆ ಮುಂದೆ ಮಾಡಿ ನಡೆಯತೊಡಗುತ್ತೀರಿ. ಆಗಾಗ ನಡಾ ನೋಯುವವರಿಗೆ ಸಂಜೆ ಹೊತ್ತಿಗೆ ಅದೇ ಭಂಗಿ ನೋವು ಎಬ್ಬಿಸುತ್ತದೆ.

ಇನ್ನು ಆ ಬೇಟೆಗಾರರ ವಿಷಯ. ಅವರು ಸೊಂಟದ ಚೀಲ ಆರಿಸುವುದಕ್ಕೆ ಅವರದೇ ಕಾರಣಗಳಿವೆ. ಬಿಲ್ಲು ಎಳೆಯುವಾಗ, ಬಂದೂಕಿನ ಹಿಡಿ ಹೆಗಲಿಗೆ ಕೊಡುವಾಗ ಹೆಗಲಪಟ್ಟಿ ಅಡ್ಡ ಬರಬಾರದು. ಮರಕ್ಕೆ ಬೆನ್ನು ಆನಿಸಿ ತಾಸುಗಟ್ಟಲೆ ಕೂಡಬೇಕು. ಅವರ ಹಂಗಾಮು ಬಹುತೇಕ ಶರತ್ಕಾಲ, ಚಳಿಗಾಲ. ತಂಪು ಹವೆ, ಹಲವು ಕಡೆ ಹಳ್ಳದ ನೀರನ್ನು ಸೋಸಿ ಕುಡಿಯುವ ಅನುಕೂಲ, ಹಾಗಾಗಿ ಹೊರುವ ನೀರು ಕಡಿಮೆ. ಪ್ರಾಣಿ ಬಿದ್ದರೆ ಮಾಂಸ ಹೊರಲು ಗಟ್ಟಿ ಚೌಕಟ್ಟಿನ ದೊಡ್ಡ ಬೆನ್ನಿನ ಚೀಲ ಬೇಕೇ ಬೇಕು. ಅದು ಕ್ಯಾಂಪಿನಲ್ಲೋ ವಾಹನದಲ್ಲೋ ಇರುತ್ತದೆ, ವಿಡಿಯೊದಲ್ಲಿ ಕಾಣುವುದಿಲ್ಲ. ಅಂದರೆ ಅವರ ಹೊರೆ ಹಗುರಾಗಿ ಶುರುವಾಗಿ ಸಂಜೆಗೆ ಭಾರವಾಗಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆಯ ಮಾತೇ ಇಲ್ಲ. ನಮ್ಮ ಹೊರೆಯಲ್ಲಿ ದೊಡ್ಡ ಪಾಲು ನೀರು, ಅದು ಬೆಳಿಗ್ಗೆ ಅತಿ ಭಾರ, ಗಂಟೆಗಂಟೆಗೂ ಇಳಿಯುತ್ತದೆ. ಅವರ ಚೀಲ ಅವರ ಅಡವಿಗೆ ಸರಿ. ಕಪ್ಪತಗುಡ್ಡದಲ್ಲಿ ಬಿಸಿಲೇರಿದ ಮೇಲೆ ನೀರು ಸಿಗುತ್ತದೆಂದು ನಂಬಿ ನಡೆಯುವಂತಿಲ್ಲ.

ಗೆಳೆಯರ ಮಾತಿಗೆ ಬರೋಣ.

ಕಿಡ್ನಿ ಹೋಗುವುದಿಲ್ಲ. ಕಿಡ್ನಿಗಳಿರುವುದು ಮೇಲೆ, ಅರ್ಧ ಭಾಗ ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. ಸರಿಯಾಗಿ ಕಟ್ಟಿದ ಬೆಲ್ಟ್ ಕೂಡುವುದು ಅದಕ್ಕಿಂತ ಸಾಕಷ್ಟು ಕೆಳಗೆ, ಉಡದಾರ ನಿಲ್ಲುವ ಜಾಗದ ಆಸುಪಾಸು, ಮೂಳೆಯ ಮೇಲೆ. ನಿಜವಾದ ತೊಂದರೆ ಬೇರೆ ಇದೆ. ತೊಡೆಯ ಹೊರಬದಿಗೆ ಸ್ಪರ್ಶ ಕೊಡುವ ಒಂದು ನರ ಸೊಂಟದ ಮೂಳೆಯ ಮುಂದಿನ ಮೊನೆಯ ಹತ್ತಿರ ಹಾದುಹೋಗುತ್ತದೆ. ಬೆಲ್ಟನ್ನು ಅಲ್ಲಿ ಅತಿ ಬಿಗಿದರೆ ತೊಡೆಯ ಹೊರಗಡೆ ಜೋಮು, ಉರಿ, ಸೂಜಿ ಚುಚ್ಚಿದಂತೆ ಆಗುತ್ತದೆ. ವೈದ್ಯರು ಇದನ್ನು ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎನ್ನುತ್ತಾರೆ. ಹೊಟ್ಟೆ ಇರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇದು ಬರುವ ಸಂಭವ ಹೆಚ್ಚು. ಸಡಿಲಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮರುದಿನವೂ ಜೋಮು ಉಳಿದರೆ ವೈದ್ಯರಿಗೆ ತೋರಿಸಿ. ಬೆಲ್ಟನ್ನು ಮೂಳೆ ಬಿಟ್ಟು ಮೇಲೆ, ಮೆತ್ತನೆಯ ಹೊಟ್ಟೆಯ ಮೇಲೆ ಕಟ್ಟಿದರೆ ಉಂಡ ಮೇಲೆ ಹುಳಿತೇಗು, ಏರಿನಲ್ಲಿ ಏದುಸಿರು. ನಿಮ್ಮ ಗೆಳೆಯರು ಕಂಡದ್ದು ಬಹುಶಃ ಇದೇ ಇರಬೇಕು, ಹೆಸರು ಕಿಡ್ನಿಗೆ ಬಂತು.

ಗೂನೂ ಬರುವುದಿಲ್ಲ. ತಿಂಗಳಿಗೆ ಎರಡು ದಿನ ಚೀಲ ಹೊತ್ತು ಯಾರ ಬೆನ್ನೂ ಡೊಂಕಾಗದು. ಆದರೆ ಕಾಲೇಜ್ ಬ್ಯಾಗಿನಲ್ಲಿ ಭಾರ ಬೆನ್ನಿನಿಂದ ದೂರ ಜೋತುಬೀಳುತ್ತದೆ, ಹೊತ್ತವರು ಮುಂದಕ್ಕೆ ಬಾಗಿ ಕತ್ತು ಚಾಚಿ ನಡೆಯುತ್ತಾರೆ, ಕತ್ತು–ಹೆಗಲಿನ ನಡುವಿನ ಸ್ನಾಯು ಇಡೀ ದಿನ ಹಗ್ಗದ ಹಾಗೆ ಬಿಗಿದಿರುತ್ತದೆ. ನಿಮ್ಮ ಹೆಗಲು ಕಿತ್ತು ಬರುವುದು ಇದಕ್ಕೇ. ತೆಳು ಪಟ್ಟಿ ಹೆಗಲನ್ನು ಒತ್ತಿ ಕೈಬೆರಳು ಜೋಮು ಹಿಡಿಯುವುದೂ ಉಂಟು.

ಬೆವರಿನ ಮಾತು ಅರ್ಧ ನಿಜ. ಗದಗ ಸೀಮೆಯ ಒಣ ಹವೆಯಲ್ಲಿ ಬೆವರು ಆರಿದರೆ ಮೈ ತಂಪಾಗುತ್ತದೆ. ಬೆನ್ನು ಮುಚ್ಚಿದರೆ ಅಷ್ಟು ಜಾಗದ ಬೆವರು ಆರುವುದಿಲ್ಲ. ಸೊಂಟದ ಚೀಲ ಇಲ್ಲಿ ಗೆಲ್ಲುತ್ತದೆ, ಅನುಮಾನವಿಲ್ಲ. ಬೆನ್ನಿನ ಚೀಲದಲ್ಲೂ ಬಿಲ್ಲಿನಂತೆ ಬಾಗಿದ ಚೌಕಟ್ಟಿಗೆ ಜಾಲರಿ ಬಿಗಿದು ಮಧ್ಯೆ ಗಾಳಿಗೆ ಜಾಗ ಬಿಟ್ಟ ಮಾದರಿ ಇದೆ. ಬೆನ್ನು ತೊಯ್ಯುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಅದಕ್ಕೆ ಪ್ರತಿಯಾಗಿ ಭಾರ ಮೂರು–ನಾಲ್ಕು ಬೆರಳು ಹಿಂದಕ್ಕೆ ಹೋಗುತ್ತದೆ, ಚೌಕಟ್ಟಿನ ತೂಕವೂ ಸೇರುತ್ತದೆ. ಏಳೆಂಟು ಕಿಲೋ ಒಳಗಿದ್ದರೆ ಒಪ್ಪಬಹುದಾದ ವ್ಯಾಪಾರ.

ಅಂಗಡಿಯವರ ಒಂದು ಮಾತಿದೆ, ‘ಇದಕ್ಕ ಸೊಂಟದ ಬೆಲ್ಟ್ ಐತಲ್ರೀ’ ಎಂದು. ಎರಡು ಬೆರಳಗಲದ ಬರೀ ನೈಲಾನ್ ಪಟ್ಟಿ ಚೀಲ ಅಲ್ಲಾಡದಂತೆ ಹಿಡಿಯುತ್ತದೆ ಅಷ್ಟೇ, ಭಾರ ಹೊರುವುದಿಲ್ಲ. ಹೆಗಲಿನ ಭಾರ ಸೊಂಟಕ್ಕೆ ಇಳಿಯಬೇಕಾದರೆ ಎರಡು ಬೇಕು: ಸೊಂಟದ ಮೂಳೆಯನ್ನು ಎರಡೂ ಕಡೆ ತಬ್ಬುವ ಮೆತ್ತೆಯ ಅಗಲ ಬೆಲ್ಟ್, ಮತ್ತು ಬೆನ್ನಿನ ಕಡೆ ಮಡಚದ ಒಂದು ಹಲಗೆ ಅಥವಾ ಸರಳು. ಹಲಗೆ ಇಲ್ಲದ ಚೀಲ ನಡುವೆ ಕುಸಿದು ಮಡಚಿಕೊಳ್ಳುತ್ತದೆ, ಬೆಲ್ಟ್ ಎಷ್ಟು ಚಲೋ ಇದ್ದರೂ ಭಾರ ತಿರುಗಿ ಹೆಗಲಿಗೇ ಬರುತ್ತದೆ.

ಹಾಗಾದರೆ ನಿಮಗೆ ಯಾವುದು? ಜಾಗ ನೋಡಿ ಹೇಳಬೇಕು. ಮಾಗಡಿ ಕೆರೆ ಸಪಾಟು. ಪಟ್ಟೆತಲೆ ಹೆಬ್ಬಾತು ಬರುವ ತಿಂಗಳುಗಳಲ್ಲಿ ಹವೆಯೂ ತಂಪು, ಗಾಡಿ ಹತ್ತಿರವೇ ನಿಂತಿರುತ್ತದೆ. ಒಂದೂವರೆ ಲೀಟರ್ ನೀರು, ಬಿಸ್ಕತ್ತು, ನೋಟ್‌ಬುಕ್ಕು ಕಟ್ಟಿಕೊಂಡು, ಬುತ್ತಿ ಗಾಡಿಯಲ್ಲೇ ಬಿಟ್ಟರೆ ಸೊಂಟದ ಚೀಲಕ್ಕಿಂತ ಸುಖ ಇನ್ನೊಂದಿಲ್ಲ. ನೆಲದ ಮೇಲೆ ಕೂತಾಗ ಚೀಲವನ್ನು ಮುಂದಕ್ಕೆ ತಿರುಗಿಸಿಕೊಂಡರೆ ತೊಡೆಯ ಮೇಲೊಂದು ಮೇಜು ಸಿಕ್ಕಂತೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮವೂ ಹೆಚ್ಚುಕಡಿಮೆ ಬಯಲು, ಅಲ್ಲಿಗೂ ಇದೇ ಸಾಕು. ಕಪ್ಪತಗುಡ್ಡ ಹಾಗಲ್ಲ. 2019ರಲ್ಲಿ ವನ್ಯಜೀವಿಧಾಮವಾದ 244 ಚದರ ಕಿ.ಮೀ. ಜಾಗ, ಏರು–ಇಳಿಜಾರು, ಒಳಗೆ ಅಂಗಡಿ–ಮುಂಗಟ್ಟು ಇಲ್ಲ, ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲಿ ಮೂರು ಲೀಟರ್‌ಗಿಂತ ಕಡಿಮೆ ನೀರು ಹೊತ್ತು ಇಡೀ ದಿನ ನಡೆಯುವುದು ತಪ್ಪು, ಮಾರ್ಚ್ ದಾಟಿದರೆ ನಾಲ್ಕು ಬೇಕು. ನೀರು ಮೂರು ಲೀಟರ್ ಆದ ಕೂಡಲೇ ಸೊಂಟದ ಚೀಲದ ಮಿತಿ ಅಲ್ಲಿಗೇ ಮುಗಿಯಿತು. ಬುತ್ತಿ ಇಡಲು ತೂಕವೇ ಉಳಿಯುವುದಿಲ್ಲ.

ಆದ್ದರಿಂದ ಒಂದೇ ಚೀಲ ಕೊಳ್ಳುವುದಿದ್ದರೆ 22ರಿಂದ 28 ಲೀಟರ್ ಒಳಜಾಗದ, ಮೆತ್ತೆ ಬೆಲ್ಟ್ ಮತ್ತು ಬೆನ್ನುಹಲಗೆ ಇರುವ ಬೆನ್ನಿನ ಚೀಲ ತಗೊಳ್ಳಿ. ಬೆನ್ನಿನ ಚೀಲ ಕಡಿಮೆ ಭಾರವನ್ನೂ ಹೊರುತ್ತದೆ, ಸೊಂಟದ ಚೀಲಕ್ಕೆ ಹೆಚ್ಚು ಭಾರ ಹೊರಲಾಗದು. ಅದರ ಅಪಾಯವನ್ನೂ ಹೇಳಬೇಕು: ಭಾರ ಮೇಲಿರುವುದರಿಂದ ಗರಸಿನ ಇಳಿಜಾರಿನಲ್ಲಿ ಕಾಲು ಜಾರಿದರೆ ಚೀಲ ತಳ್ಳುತ್ತದೆ. ಇಳಿಯುವಾಗ ಎಲ್ಲ ಪಟ್ಟಿ ಬಿಗಿ ಮಾಡಿ, ಕೈಯಲ್ಲೊಂದು ಕೋಲು ಇರಲಿ. ಕಡುಬಿಸಿಲಿನಲ್ಲಿ ಪ್ರತಿ ತಾಸಿಗೊಮ್ಮೆ ಚೀಲ ಇಳಿಸಿ ಐದು ನಿಮಿಷ ಬೆನ್ನಿಗೆ ಗಾಳಿ ಕೊಡಿ.

ಮೂರನೆಯ ದಾರಿಯೂ ಇದೆ: ಎಂಟು–ಹನ್ನೆರಡು ಲೀಟರಿನ ಸೊಂಟದ ಚೀಲಕ್ಕೆ ಹೆಗಲಪಟ್ಟಿ ಜೋಡಿಸಿದ್ದು. ಹೆಗಲಪಟ್ಟಿ ಮೇಲ್ಬದಿಯನ್ನು ಒಳಕ್ಕೆ ಎಳೆದು ಹಿಡಿಯುವುದರಿಂದ ಚೀಲ ವಾಲುವುದಿಲ್ಲ, ಬೆನ್ನಿನ ಮೇಲ್ಭಾಗ ತೆರೆದೇ ಇರುತ್ತದೆ. ಐದು ಕಿಲೋ ತನಕ ನಡೆಯುತ್ತದೆ. ಕ್ಯಾಮೆರಾ ಎಂದೂ ಒಳಗಿಡುವುದಿಲ್ಲ ಎನ್ನುವವರಿಗೆ ಇದು ಹೊಂದಬಹುದು. ತೊಡಕೆಂದರೆ ನಮ್ಮ ಕಡೆ ಅಂಗಡಿಯಲ್ಲಿ ತೊಟ್ಟು ನೋಡಲು ಸಿಗುವುದು ಕಷ್ಟ, ಆನ್‌ಲೈನಿನಲ್ಲಿ ತರಿಸಿ ಅಂದಾಜಿನ ಮೇಲೆ ಹೊಂದಿಸಿಕೊಳ್ಳಬೇಕು. ವಾಪಸ್ ಮಾಡುವ ಅವಕಾಶ ಇಲ್ಲದಿದ್ದರೆ ಬೇಡ.

ಕೊಳ್ಳುವ ಮುಂಚೆ ಮನೆಯಲ್ಲಿ ಬೆನ್ನು ಅಳೆದುಕೊಳ್ಳಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಗಂಟು ಒಂದು ತುದಿ. ಎರಡೂ ಕೈ ಸೊಂಟದ ಮೂಳೆಯ ಮೇಲಿಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದಾಗ ಅವುಗಳ ನಡುವಿನ ಗೆರೆ ಇನ್ನೊಂದು ತುದಿ. ಮಧ್ಯದ ದೂರವನ್ನು ಟೇಪಿನಿಂದ ಬೇರೆಯವರ ಕೈಲಿ ಅಳೆಸಿ. ಕಂಪನಿಗೊಂದು ಅಳತೆ, ಆದರೂ 45–50 ಸೆಂ.ಮೀ. ಬಂದರೆ ಹೆಚ್ಚಾಗಿ ಮೀಡಿಯಂ. ಸಣ್ಣ ಚೀಲಗಳಲ್ಲಿ ಬೆನ್ನಿನ ಉದ್ದ ಹಿಗ್ಗಿಸಲು ಬರುವುದಿಲ್ಲ. ಬೆನ್ನು ಉದ್ದ ಇರುವವರಿಗೆ ಬೆಲ್ಟ್ ಹೊಟ್ಟೆಯ ಮೇಲೆ ಬಂದು ಕೂಡುತ್ತದೆ, ಅದು ಬೆಲ್ಟ್ ಇಲ್ಲದ ಹಾಗೆಯೇ.

ಅಂಗಡಿಗೆ ಹೋಗುವಾಗ ನಾಲ್ಕೈದು ಕಿಲೋ ಜೋಳ ಕಟ್ಟಿಕೊಂಡು ಹೋಗಿ. ನಗುವವರು ನಗಲಿ, ಖಾಲಿ ಚೀಲ ಎಲ್ಲರ ಬೆನ್ನಿಗೂ ಹಿತವಾಗಿಯೇ ಇರುತ್ತದೆ. ತೊಡುವ ಕ್ರಮ ಹೀಗೆ: ಮೊದಲು ಎಲ್ಲ ಪಟ್ಟಿ ಸಡಿಲ ಬಿಡಿ. ಬೆಲ್ಟಿನ ಮೆತ್ತೆಯ ನಡುಭಾಗ ಸೊಂಟದ ಮೂಳೆಯ ಮೇಲಂಚಿನ ಮೇಲೆ ಬರುವಂತೆ ಇಟ್ಟು ಬಕಲ್ ಹಾಕಿ ಬಿಗಿಯಿರಿ. ಆಮೇಲೆ ಹೆಗಲಪಟ್ಟಿ ಎಳೆಯಿರಿ, ಆದರೆ ಭಾರ ಬೆಲ್ಟಿನಿಂದ ಮೇಲೇಳುವಷ್ಟಲ್ಲ. ಹೆಗಲಿನ ತುದಿಯಲ್ಲಿ ಚೀಲದ ಕಡೆಗೆ ಹೋಗುವ ಪುಟ್ಟ ಪಟ್ಟಿ ಇದ್ದರೆ ಅದನ್ನು ಎಳೆದು ಚೀಲದ ತಲೆಯನ್ನು ಬೆನ್ನಿಗೆ ತನ್ನಿ. ಕೊನೆಗೆ ಎದೆಪಟ್ಟಿ, ಸುಮ್ಮನೆ ತಾಗುವಷ್ಟು. ಪರೀಕ್ಷೆ ಸುಲಭ: ಹೆಗಲಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮನೆಗೆ ತಂದ ಮೇಲೂ ಟ್ಯಾಗ್ ಕತ್ತರಿಸಬೇಡಿ. ಮನೆಯ ಮೆಟ್ಟಿಲನ್ನು ಇಪ್ಪತ್ತು ನಿಮಿಷ ಹತ್ತಿ ಇಳಿದು ನೋಡಿ, ಖಾತ್ರಿಯಾದ ಮೇಲೆ ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಒಂದು ಬೆಳಿಗ್ಗೆ ಹೊತ್ತುಕೊಂಡು ಹೋಗಿ.

ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡುವುದು ಮರೆಯಬೇಡಿ. ದುರಸ್ತಿಗೆ ಬರುವ ಚೀಲಗಳಲ್ಲಿ ಅನೇಕ ಸಲ ಸೋತಿರುವುದು ಹೆಗಲಪಟ್ಟಿಯ ಕೆಳತುದಿ ಮತ್ತು ಬೆಲ್ಟ್ ಚೀಲಕ್ಕೆ ಸೇರುವ ಜಾಗ. ಅಲ್ಲಿ ಚೌಕ ಹೊಲಿದು ಒಳಗೆ ಅಡ್ಡಡ್ಡ ಕತ್ತರಿ ಗುರುತಿನ ಹೊಲಿಗೆ ಹಾಕಿರಬೇಕು, ಅಥವಾ ಒತ್ತೊತ್ತಾದ ಗಟ್ಟಿ ಹೊಲಿಗೆ ಇರಬೇಕು. ಒಂದೇ ಸಾಲಿನ ದಾರ ಕಂಡರೆ ಕೆಳಗಿಡಿ.

ಕ್ಯಾಮೆರಾವನ್ನು ಕುತ್ತಿಗೆಗೆ ನೇತುಹಾಕುವುದು ಇವತ್ತೇ ಬಿಡಿ. 2.7 ಕಿಲೋ ಕುತ್ತಿಗೆಗೆ ಕಟ್ಟಿಕೊಂಡು ಹೆಗಲುನೋವಿಗೆ ಚೀಲವನ್ನು ದೂರಿದರೆ ಪ್ರಯೋಜನವಿಲ್ಲ. ಒಂದು ಹೆಗಲಿನಿಂದ ಓರೆಯಾಗಿ ಹಾಕುವ ಕ್ಯಾಮೆರಾದ ಅಡ್ಡಪಟ್ಟಿಯೂ ಬೆನ್ನಿನ ಚೀಲದ ಜೊತೆ ಜಗಳವಾಡುತ್ತದೆ: ಮೊದಲು ಹಾಕಿದರೆ ಚೀಲದ ಕೆಳಗೆ ಸಿಕ್ಕಿ ಸರಿಯುವುದಿಲ್ಲ, ಮೇಲೆ ಹಾಕಿದರೆ ಚೀಲ ಇಳಿಸಲಾಗದು. ಹೆಗಲಪಟ್ಟಿಯಲ್ಲಿ ಎದೆಯ ಮಟ್ಟದ ಎರಡು ಕುಣಿಕೆಗಳಿಗೆ ಗೇಣುದ್ದದ ಪಟ್ಟಿ, ಕೊಕ್ಕೆ ಹಾಕಿ ಕ್ಯಾಮೆರಾ ಅಲ್ಲಿಗೆ ತೂಗುಬಿಟ್ಟರೆ ಅದರ ಭಾರವೂ ಚೀಲದ ಮೂಲಕ ಸೊಂಟಕ್ಕೆ ಇಳಿಯುತ್ತದೆ. ಕುಣಿಕೆ ಹೊಲಿದದ್ದೇ ಇರಬೇಕು. ನೀರಿನ ಕೊಳವೆಗೆಂದು ಕೊಟ್ಟ ಎಲಾಸ್ಟಿಕ್ ಇದಕ್ಕೆ ಆಗದು.

ಬಾಟಲಿಯಲ್ಲೂ ತೂಕ ಅಡಗಿದೆ. ತಂಪು ಕಾಯುವ ಎರಡು ಪದರದ ಸ್ಟೀಲ್ ಬಾಟಲಿ ಒಂದು ಲೀಟರಿನದು ಖಾಲಿಯಿದ್ದಾಗಲೇ ಸುಮಾರು ಅರ್ಧ ಕಿಲೋ. ಮೂರಾದರೆ ಒಂದೂವರೆ ಕಿಲೋ ಬರೀ ಸ್ಟೀಲು. ಹಗುರ ಬಾಟಲಿಗೆ ಹಳೆಯ ಹತ್ತಿಯ ಕಾಲುಚೀಲ ತೊಡಿಸಿ, ಒದ್ದೆ ಮಾಡಿ, ಹೊರಗಿನ ಕಿಸೆಯಲ್ಲಿ ಗಾಳಿಗೆ ಬಿಡಿ. ಮಣ್ಣಿನ ತತ್ರಾಣಿ ನೀರು ತಣ್ಣಗಾಗುವುದೂ ಹೀಗೆಯೇ, ಹೊರಮೈ ನೀರು ಆರುತ್ತಾ. ಸೊಂಟದ ಚೀಲದಲ್ಲಿ ಎರಡೂ ಬದಿಗೆ ಬಾಟಲಿ ಇಟ್ಟಿದ್ದರೆ ಒಂದನ್ನೇ ಖಾಲಿ ಮಾಡಬೇಡಿ, ಎರಡರಿಂದಲೂ ಸರದಿಯಂತೆ ಕುಡಿಯಿರಿ. ಇಲ್ಲದಿದ್ದರೆ ಚೀಲ ಒಂದೇ ಕಡೆ ಎಳೆಯತೊಡಗುತ್ತದೆ.

ಬೆನ್ನಿನ ಚೀಲ ತುಂಬುವಾಗ ಭಾರದ್ದು ಬೆನ್ನಿಗೆ ಹತ್ತಿರ, ನಡುಮಟ್ಟದಲ್ಲಿ. ಹಗುರದ್ದು ಹೊರಗೆ ಮತ್ತು ಅಡಿಯಲ್ಲಿ. ದುಂಡು ಡಬ್ಬಿ ಬೆನ್ನಿಗೆ ಒತ್ತದಂತೆ ಮಡಚಿದ ರೇನ್‌ಕೋಟು ಅಡ್ಡ ಇಡಿ. ಖಡಕ್ ರೊಟ್ಟಿ ಅಡಿಗೆ ಹೋದರೆ ಮಧ್ಯಾಹ್ನಕ್ಕೆ ನುಚ್ಚು ಸಿಗುತ್ತದೆ, ಮೆತ್ತಗಿನ ರೊಟ್ಟಿಯೇ ವಾಸಿ.

ಬಣ್ಣ ಮಣ್ಣಿನದೋ ಒಣಹುಲ್ಲಿನದೋ ಇರಲಿ. ವಿಡಿಯೊ ನೋಡಿ ಮಿಲಿಟರಿ ಚಿತ್ತಾರದ ಚೀಲ ತರಿಸಬೇಡಿ; ಅಡವಿಯಲ್ಲಿ ಅರಣ್ಯ ಸಿಬ್ಬಂದಿ ನಿಮ್ಮನ್ನು ಬೇಟೆಗೆ ಬಂದವರೆಂದು ನಿಲ್ಲಿಸಿ ಕೇಳಿದರೆ ತಪ್ಪು ಅವರದಲ್ಲ. ಪರ್ ಎಂದು ಕಿತ್ತುಬರುವ ವೆಲ್ಕ್ರೊ ಕಿಸೆಯೂ ಬೇಡ, ಆ ಸದ್ದಿಗೆ ಕೃಷ್ಣಮೃಗ ತಲೆ ಎತ್ತಿಬಿಡುತ್ತದೆ. ಲೋಹದ ಜಿಪ್ಪಿನ ನಾಲಗೆ ಟಣಟಣ ಎನ್ನುತ್ತಿದ್ದರೆ ತೆಗೆದು ಲಾಡಿ ಕಟ್ಟಿ.

ನಡಾ ನೋವಿನ ಬಗ್ಗೆ ಕಡೆಯದಾಗಿ. ನೋವು ನಡುವಿನಲ್ಲೇ ಇದ್ದು, ಎರಡು ದಿನದಲ್ಲಿ ಹೋಗುತ್ತಿದ್ದರೆ ಮೇಲಿನ ಕ್ರಮದಲ್ಲಿ ಆರೇಳು ಕಿಲೋ ಹೊರಬಹುದು. ಅದು ನಿಮ್ಮ ತೂಕದ ಹತ್ತನೇ ಒಂದು ಪಾಲಿಗಿಂತ ಕಡಿಮೆ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ, ಕಾಲಲ್ಲಿ ಬಲ ಕಡಿಮೆ ಅನಿಸುತ್ತಿದ್ದರೆ ಚೀಲದ ಮಾತು ಬದಿಗಿಟ್ಟು ಮೊದಲು ಮೂಳೆ ವೈದ್ಯರಲ್ಲಿಗೆ ಹೋಗಿ. ಸೊಂಟದ ಚೀಲದ ಬೆಲ್ಟು ವೈದ್ಯರು ಕೊಡುವ ನಡುಪಟ್ಟಿಯ ಕೆಲಸ ಮಾಡುತ್ತದೆಂದು ಕೆಲವರು ಬಿಗಿದುಕೊಳ್ಳುತ್ತಾರೆ. ಮಾಡುವುದಿಲ್ಲ.

ಸದ್ಯಕ್ಕೆ ಮಗನ ಬ್ಯಾಗನ್ನೇ ಸ್ವಲ್ಪ ಸುಧಾರಿಸಬಹುದು. ಎಂಟು–ಹತ್ತು ಮಿ.ಮೀ. ದಪ್ಪದ ಗಟ್ಟಿ ಫೋಮ್ ಹಾಳೆಯನ್ನು ಬೆನ್ನಿನ ಅಳತೆಗೆ ಕತ್ತರಿಸಿ ಒಳಗಡೆ ನಿಲ್ಲಿಸಿ. ಚೀಲ ಮಡಚುವುದು ಕಡಿಮೆಯಾಗುತ್ತದೆ, ಕಲ್ಲಿನ ಮೇಲೆ ಕೂಡಲು ಆಸನವೂ ಆಗುತ್ತದೆ. ಭಾರ ಸೊಂಟಕ್ಕೆ ಇಳಿಯದು, ಅಷ್ಟು ಗೊತ್ತಿರಲಿ. ಹೊಸದು ಬಂದ ಮೇಲೆ, ಮಳೆಗಾಲ ಮುಗಿದ ಹೊತ್ತಿನಲ್ಲಿ ಗುಡ್ಡದಿಂದ ಮರಳಿದಾಗ ಹೊರಗಿನ ಜಾಲರಿ ಕಿಸೆ, ಬೆಲ್ಟಿನ ಮೆತ್ತೆ ಬೆಳಕಿನಲ್ಲಿ ನೋಡಿ. ಸೂಜಿಹುಲ್ಲಿನ ಕೂದಲುಬಾಲದ ಬೀಜಗಳು ಅಲ್ಲಿ ಚುಚ್ಚಿ ಕೂತಿರುತ್ತವೆ. ತೇವ ತಗುಲಿದಾಗ ಅವು ತಿರುಪಿನಂತೆ ಸುತ್ತಿ ಒಳಗೆ ಹೋಗುತ್ತವೆ, ಮುಂದಿನ ಸಲ ಸೊಂಟಕ್ಕೆ ಚುಚ್ಚುತ್ತವೆ. ಚಿಮಟದಿಂದ ಮೊನೆಯ ಕಡೆಯಿಂದಲೇ ಎಳೆಯಿರಿ, ಬಾಲ ಹಿಡಿದು ಎಳೆದರೆ ಮೊನೆ ಮುರಿದು ಒಳಗೇ ಉಳಿಯುತ್ತದೆ. ಬೆವರಿನ ಬಿಳಿ ಉಪ್ಪಿನ ಗೆರೆ ಕಂಡರೆ ಬೆಲ್ಟನ್ನು ತಣ್ಣೀರಲ್ಲಿ ಅದ್ದಿ ಹಿಂಡದೆ ನೆರಳಿಗೆ ಹಾಕಿ. ವಾಷಿಂಗ್ ಮಷೀನಿಗೆ ಹಾಕಿದರೆ ಒಳಗಿನ ಮೆತ್ತೆ ಮುದ್ದೆಯಾಗಿ ಬೆಲ್ಟು ಕೆಡುತ್ತದೆ.